ಗೇರ್ ಏರದ ಡಂಪರ್: ಸೆನ್ಸರ್ ಬದಲಿಸುವ ಮುನ್ನ

ಸಂಡೂರು ಗುಡ್ಡದ ಗಣಿರಸ್ತೆಗಳಲ್ಲಿ ಬಿಸಿಲೇರಿದ ಮೇಲೆ ಕೇಳಿಬರುವ ದೂರು ಇದು: ‘ಅಣ್ಣಾ, ಗಾಡಿ ಎರಡನೇ ಗೇರಿನ್ಯಾಗ ನಿಂತುಬಿಟ್ಟೈತಿ, ಮೇಲಕ್ಕ ಹೋಗವಲ್ದು.’ ಬೆಳಗಿನ ಪಾಳಿಯಲ್ಲಿ ಚೆನ್ನಾಗಿಯೇ ಓಡಿದ ಡಂಪರ್. ಎಂಜಿನ್ ಸದ್ದು ಸರಿಯಿದೆ, ಗೇರ್‌ಬಾಕ್ಸ್ ಆಯಿಲ್ ಮಟ್ಟವೂ ಸರಿಯಿದೆ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಹಳದಿ ದೀಪ, ಪರದೆಯ ಮೇಲೆ ಟ್ರಾನ್ಸ್‌ಮಿಷನ್ ಸ್ಪೀಡ್ ಸೆನ್ಸರ್‌ನ ಫಾಲ್ಟ್ ಕೋಡ್. ಕೂಡಲೇ ಹೊಸಪೇಟೆಗೆ ಫೋನ್ ಹೋಗುತ್ತದೆ, ಹೊಸ ಸೆನ್ಸರ್ ಬರುತ್ತದೆ, ಕೂರುತ್ತದೆ. ಎಷ್ಟೋ ಸಲ ಮರುದಿನ ಮಧ್ಯಾಹ್ನ ಅದೇ ಕೋಡ್ ಮತ್ತೆ ಹಾಜರು. ಕೋಡ್‌ನಲ್ಲಿ ಯಾವುದರ ಹೆಸರಿದೆಯೋ ಅದೇ ಕೆಟ್ಟಿದೆ ಎಂದು ನಂಬುವುದರಿಂದ ಆಗುವ ನಷ್ಟ ಇದು.

ಕೋಡ್ ಹೇಳುವುದು ಇಷ್ಟೇ: ಕಂಟ್ರೋಲರ್‌ಗೆ ಬರಬೇಕಾದ ಸಿಗ್ನಲ್ ಬರುತ್ತಿಲ್ಲ, ಅಥವಾ ಬಂದದ್ದು ನಂಬುವಂತಿಲ್ಲ. ಹಲವು ಕಂಪನಿಗಳ ಯಂತ್ರಗಳು ಬಳಸುವ ಸಾಮಾನ್ಯ ಪದ್ಧತಿಯಲ್ಲಿ ಔಟ್‌ಪುಟ್ ಶಾಫ್ಟ್ ವೇಗಕ್ಕೆ ಎಸ್‌ಪಿಎನ್ 191 ಎಂಬ ಸಂಖ್ಯೆ. ಅದರ ಪಕ್ಕದಲ್ಲಿ ದೋಷದ ಬಗೆ ತಿಳಿಸುವ ಎಫ್‌ಎಂಐ ಅಂಕಿಯನ್ನು ಓದದೆ ಬಿಡಬಾರದು. ಅಲ್ಲಿ 5 ಇದ್ದರೆ ಸರ್ಕ್ಯೂಟ್ ಎಲ್ಲೋ ತುಂಡಾಗಿರುವ ಸೂಚನೆ. 2 ಇದ್ದರೆ ಸಿಗ್ನಲ್ ಆಗಾಗ ತಪ್ಪುತ್ತಿದೆ, 8 ಇದ್ದರೆ ಫ್ರೀಕ್ವೆನ್ಸಿಯೇ ಅಸಹಜ. ಮೂರಕ್ಕೂ ಹುಡುಕುವ ಜಾಗ ಬೇರೆ ಬೇರೆ.

ಸೆನ್ಸರ್‌ನ ಕೆಲಸ ಸರಳವಾದದ್ದು. ಹಳೆಯ ಬಗೆಯ ಮ್ಯಾಗ್ನೆಟಿಕ್ ಪಿಕಪ್ಪಿನಲ್ಲಿ ಒಂದು ಶಾಶ್ವತ ಅಯಸ್ಕಾಂತ, ಅದರ ಸುತ್ತ ಸಣ್ಣ ತಂತಿಯ ಕಾಯಿಲ್, ಹೊರಗೆ ಎರಡು ವೈರ್. ಗೇರಿನ ಹಲ್ಲು ತುದಿಯೆದುರು ಹಾದಾಗಲೆಲ್ಲ ಕಾಯಿಲ್‌ನಲ್ಲಿ ಎಸಿ ವೋಲ್ಟೇಜಿನ ಒಂದು ಅಲೆ ಹುಟ್ಟುತ್ತದೆ. ಆ ಗೇರಿಗೆ 60 ಹಲ್ಲುಗಳಿದ್ದು ಶಾಫ್ಟ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 1500 ಅಲೆಗಳು. ಗೇರ್‌ಬಾಕ್ಸಿನೊಳಗೆ ಹೋಗುವ ವೇಗ, ಹೊರಬರುವ ವೇಗ ಎರಡನ್ನೂ ಕಂಟ್ರೋಲರ್ ಹೀಗೆ ಎಣಿಸಿ ತಾಳೆ ನೋಡುತ್ತದೆ. ಅನುಪಾತ ಮೂರಕ್ಕೆ ಒಂದು ಇರುವ ಗೇರಿನಲ್ಲಿ 1500 ಒಳಹೋದರೆ 500 ಹೊರಬರಬೇಕು. 420 ಕಂಡರೆ ಕ್ಲಚ್ ಜಾರುತ್ತಿರಬೇಕು, ಇಲ್ಲವೇ ಸೆನ್ಸರ್‌ನ ಲೆಕ್ಕ ತಪ್ಪಿರಬೇಕು. ಯಾವುದೆಂದು ತಿಳಿಯದ ಕಂಟ್ರೋಲರ್, ಗೇರ್‌ಬಾಕ್ಸ್ ಉಳಿಸಿಕೊಳ್ಳಲು ಒಂದೇ ಗೇರಿನಲ್ಲಿ ನಿಲ್ಲಿಸಿಬಿಡುತ್ತದೆ.

ಈ ಭಾಗದಲ್ಲಿ ಇಂಥ ದೋಷಕ್ಕೆಲ್ಲ ‘ಅದಿರಿನ ದೂಳು’ ಎನ್ನುವುದು ರೂಢಿ. ನನಗೆ ಇದು ಅರ್ಧ ಸತ್ಯವಾಗಿ ಕಾಣುತ್ತದೆ. ಸಂಡೂರಿನ ಅದಿರು ಬಹುಪಾಲು ಹೆಮಟೈಟ್. ಸಾಮಾನ್ಯ ಅಯಸ್ಕಾಂತಕ್ಕೆ ಅದು ಮ್ಯಾಗ್ನೆಟೈಟಿನಂತೆ ಕಚ್ಚಿಕೊಳ್ಳುವುದಿಲ್ಲ. ಅಲ್ಲದೆ ಸೆನ್ಸರ್‌ನ ತುದಿ ಇರುವುದು ಮುಚ್ಚಿದ ಗೇರ್‌ಬಾಕ್ಸಿನ ಒಳಗೆ, ಹೊರಗಿನ ದೂಳು ಅಲ್ಲಿಗೆ ಹೋಗಲು ದಾರಿಯಿಲ್ಲ. ತುದಿಗೆ ಅಂಟುವುದು ಗೇರು, ಬೇರಿಂಗು, ಕ್ಲಚ್ ಪ್ಲೇಟು ಸವೆದು ಉದುರಿದ ಉಕ್ಕು. ಬೂದುಬಣ್ಣದ ನುಣ್ಣನೆಯ ಕೆಸರು ತುಸು ಇದ್ದರೆ ಗಾಬರಿ ಬೇಡ, ಒರೆಸಿ ಹಾಕಬಹುದು. ಬೆರಳಿಗೆ ಚುಚ್ಚುವ ಚೂರುಗಳು ಬಂದರೆ ಫಿಲ್ಟರ್ ಕೊಯ್ದು ನೋಡಬೇಕು, ಆಯಿಲ್ ಪರೀಕ್ಷೆಗೆ ಕಳಿಸಬೇಕು. ಆಗ ಸೆನ್ಸರ್ ಸರಿಯಾಗಿಯೇ ಇದ್ದು, ಒಳಗಿನ ಸವೆತದ ಸುಳಿವು ಕೊಟ್ಟಿರುತ್ತದೆ. ಚೂರುಗಳನ್ನು ಒರೆಸಿ, ಕೋಡ್ ಅಳಿಸಿ ಗಾಡಿಯನ್ನು ಮತ್ತೆ ಏರಿಗೆ ಕಳಿಸುವುದು ಗೇರ್‌ಬಾಕ್ಸಿಗೂ ಆಪರೇಟರ್‌ಗೂ ಮಾಡುವ ಅನ್ಯಾಯ.

ಹಾಗಾದರೆ ಕೆಂಪು ದೂಳಿನ ಪಾತ್ರವೇನು? ಅದು ಕೆಲಸ ಕೆಡಿಸುವುದು ಕನೆಕ್ಟರ್‌ನಲ್ಲಿ. ರಬ್ಬರ್ ಸೀಲ್ ಹರಿದಿದ್ದರೆ ಮಳೆನೀರಿನ ಜೊತೆ, ಅಥವಾ ಪ್ರೆಶರ್ ವಾಷರ್ ಹಿಡಿದು ತೊಳೆಯುವಾಗ, ದೂಳು ಕೆಸರಾಗಿ ಒಳಗಿಳಿದು ಪಿನ್‌ಗಳಿಗೆ ಹಸಿರು ಕಿಲುಬು ಹತ್ತಿಸುತ್ತದೆ.

ಪತ್ತೆ ಕೆಲಸ ಮೀಟರ್‌ಗಿಂತ ಮೊದಲು ಮಾತಿನಿಂದ ಶುರುವಾಗಬೇಕು. ಕೋಡ್ ಯಾವಾಗ ಬರುತ್ತದೆ ಎಂದು ಆಪರೇಟರನ್ನು ಕೇಳಬೇಕು. ಲೋಡ್ ಹೊತ್ತು ಏರಿನಲ್ಲಿ ಆಮೆವೇಗದಲ್ಲಿ ಹೋಗುವಾಗ ಮಾತ್ರ ಬಂದು, ಖಾಲಿ ಗಾಡಿ ವೇಗವಾಗಿ ಇಳಿಯುವಾಗ ಇಲ್ಲವೆಂದರೆ ಗ್ಯಾಪ್ ಮೇಲೆ ಅನುಮಾನ ಪಡಬೇಕು. ಮ್ಯಾಗ್ನೆಟಿಕ್ ಪಿಕಪ್ಪಿನ ವೋಲ್ಟೇಜ್ ವೇಗದ ಜೊತೆ ಏರುತ್ತದೆ. ತುದಿಗೂ ಹಲ್ಲಿಗೂ ಅಂತರ ಹೆಚ್ಚಾಗಿದ್ದರೆ ಮೊದಲು ಸಾಯುವುದು ನಿಧಾನದ ಸಿಗ್ನಲ್ಲೇ. ಗುಂಡಿ ಹಾರಿದಾಗ ಬಂದರೆ ವೈರಿಂಗ್ ಅಥವಾ ಕನೆಕ್ಟರ್. ಬಿಸಿಯೇರಿದ ಮೇಲೆ ಬಂದು, ತಣ್ಣಗಾದಾಗ ಹೋದರೆ ಕಾಯಿಲ್‌ನ ಒಳಗೇ ಬಿರುಕಿರಬಹುದು. ಅಂಥದ್ದನ್ನು ಬೆಳಗಿನ ತಂಪಿನಲ್ಲಿ ಅಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಗಾಡಿ ಬಿಸಿಯಿರುವಾಗಲೇ ಅಳೆಯಬೇಕು.

ಅಳತೆಗೆ ಮೊದಲು ಸಮತಟ್ಟಾದ ಜಾಗ, ಪಾರ್ಕಿಂಗ್ ಬ್ರೇಕ್, ಚಕ್ರಗಳಿಗೆ ಅಡ್ಡಗಟ್ಟೆ. ಬಾಡಿ ಎತ್ತಿದ್ದರೆ ಲಾಕ್ ಪಿನ್. ಇದರಲ್ಲಿ ರಾಜಿಯಿಲ್ಲ. ಎರಡು ವೈರಿನ ಪಿಕಪ್ ಆದರೆ ಕನೆಕ್ಟರ್ ಬಿಚ್ಚಿ ಓಮ್ ನೋಡಬೇಕು. ಮಾದರಿಗೆ ತಕ್ಕಂತೆ ಕೆಲವು ನೂರರಿಂದ ಕೆಲವು ಸಾವಿರ ಓಮ್ ಇರುತ್ತದೆ, ಸರಿಯಾದ ಅಂಕಿ ಆ ಯಂತ್ರದ ಮ್ಯಾನ್ಯುಯಲ್‌ನಲ್ಲಿ. ಪಿನ್‌ಗೂ ಸೆನ್ಸರ್‌ನ ಲೋಹದ ಮೈಗೂ ಸಂಪರ್ಕ ಸಿಕ್ಕರೆ ಕಾಯಿಲ್ ಅರ್ತ್ ಆಗಿದೆ. ಮೂರು ವೈರಿನ ಹಾಲ್ ಸೆನ್ಸರ್ ಆದರೆ ಈ ಓಮ್ ಲೆಕ್ಕ ನಡೆಯದು. ಅಲ್ಲಿ ಸಪ್ಲೈ ವೋಲ್ಟೇಜ್ ಬರುತ್ತಿದೆಯೇ, ಅರ್ತ್ ಗಟ್ಟಿಯಿದೆಯೇ, ಶಾಫ್ಟ್ ತಿರುಗಿದಾಗ ಸಿಗ್ನಲ್ ವೈರಿನಲ್ಲಿ ಏರಿಳಿತ ಇದೆಯೇ ಎಂದು ನೋಡಬೇಕು. ಆಮೇಲೆ ಸೆನ್ಸರ್‌ನಿಂದ ಕಂಟ್ರೋಲರ್ ತನಕ ವೈರನ್ನು ಕೈಯಿಂದ ಅಲುಗಿಸುತ್ತ ಹೋಗಬೇಕು. ಫ್ರೇಮಿಗೆ ಉಜ್ಜುವ ತಿರುವು, ಕ್ಲಿಪ್ ಬಿದ್ದುಹೋದ ಜಾಗ, ಆಲ್ಟರ್ನೇಟರ್ ಕೇಬಲ್ಲಿಗೆ ಒತ್ತಿಕೊಂಡ ಕಡೆ, ಇವೇ ದೋಷದ ಅಡಗುತಾಣಗಳು. ತಾಳೆಗೆ ಮೊಬೈಲ್‌ನ ಜಿಪಿಎಸ್ಸನ್ನೂ ಬಳಸಬಹುದು: ಹೆಲ್ಪರ್ ಒಬ್ಬ ಕ್ಯಾಬಿನ್‌ನಲ್ಲಿ ಕೂತು ಅದರ ವೇಗವನ್ನೂ ಡ್ಯಾಶ್‌ಬೋರ್ಡಿನ ವೇಗವನ್ನೂ ಬರೆದುಕೊಂಡರೆ ಔಟ್‌ಪುಟ್ ಸೆನ್ಸರ್ ಸುಳ್ಳು ಹೇಳುತ್ತಿದೆಯೋ ಇಲ್ಲವೋ ತಿಳಿಯುತ್ತದೆ.

ಹೊಸ ಸೆನ್ಸರ್ ಕೂರಿಸುವಾಗಲೂ ಎಚ್ಚರ ಬೇಕು. ಥ್ರೆಡ್ ಇರುವ ಪಿಕಪ್ಪನ್ನು ಹಲ್ಲಿನ ನೆತ್ತಿ ರಂಧ್ರದ ಎದುರಿಗಿದೆ ಎಂದು ಕಣ್ಣಾರೆ ಕಂಡ ಮೇಲೆ ತಾಗುವತನಕ ತಿರುಗಿಸಿ, ಮ್ಯಾನ್ಯುಯಲ್ ಹೇಳಿದಷ್ಟು ಹಿಂದಕ್ಕೆ ತಿರುಗಿಸಬೇಕು. ಎರಡು ಹಲ್ಲುಗಳ ನಡುವಿನ ಸಂದಿಗೆ ತಾಗಿಸಿ ಅಳತೆ ಮಾಡಿದರೆ ಮೊದಲ ಸುತ್ತಿಗೇ ತುದಿ ಮುರಿಯುತ್ತದೆ.

ಓಡುವ ಯಂತ್ರದಷ್ಟೇ ನಿಂತ ಯಂತ್ರವೂ ಕೆಡುತ್ತದೆ ಎಂಬುದನ್ನು ಈ ಸೀಮೆ ಬಲ್ಲದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 1977ರಿಂದ ನಡೆದುಬಂದ ಎನ್‌ಎಂಡಿಸಿಯ ದೋಣಿಮಲೈ ಗಣಿಯೂ ಗುತ್ತಿಗೆ ತಕರಾರಿನಿಂದ 2018ರ ನವೆಂಬರ್‌ನಿಂದ 2021ರ ಫೆಬ್ರುವರಿವರೆಗೆ ಸ್ತಬ್ಧವಾಗಿತ್ತು. ಹೀಗೆ ತಿಂಗಳುಗಟ್ಟಲೆ ನಿಲ್ಲುವ ಯಂತ್ರದ ಕನೆಕ್ಟರ್‌ನೊಳಗೆ ತೇವ ಕಟ್ಟುತ್ತದೆ, ಇಲಿಗಳು ಹಾರ್ನೆಸ್ ಕಡಿಯುತ್ತವೆ. ಕಮಲಾಪುರ, ಕಂಪ್ಲಿ ಕಡೆಯ ರಸ್ತೆ ಕೆಲಸ ಮುಗಿದು ಮುಂದಿನ ಗುತ್ತಿಗೆಯತನಕ ಬಯಲಿನಲ್ಲಿ ನಿಲ್ಲುವ ಗ್ರೇಡರ್, ಲೋಡರ್‌ಗಳಿಗೂ ಇದೇ ಗತಿ. ಮತ್ತೆ ಕೆಲಸಕ್ಕೆ ಇಳಿಸುವ ಮುನ್ನ ಪ್ರತಿ ಕನೆಕ್ಟರ್ ಬಿಚ್ಚಿ ಒಣಗಿಸಿ ನೋಡಲು ಅರ್ಧ ದಿನ ಸಾಕು.

ಇಂಥ ದೋಷಗಳಿಗೆ ಇನ್ನೊಂದು ಕಾರಣ ವೆಲ್ಡಿಂಗ್. ಬಕೆಟ್ ಸವೆದಾಗ, ಬಾಡಿ ಬಿರಿದಾಗ ಬ್ಯಾಟರಿ ಕಳಚದೆ, ಕಂಟ್ರೋಲರ್‌ನ ಕನೆಕ್ಟರ್ ಬಿಚ್ಚದೆ ವೆಲ್ಡ್ ಹಿಡಿಯುವುದನ್ನು ನಿಲ್ಲಿಸಬೇಕು. ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಹತ್ತಿರವೇ ಹಾಕಬೇಕು. ಇಲ್ಲದಿದ್ದರೆ ಆ ಕರೆಂಟ್ ಬೇರಿಂಗ್, ವೈರಿಂಗ್ ಹಾದು ತಿರುಗುತ್ತದೆ.

ಐಟಿಐ, ಡಿಪ್ಲೊಮಾ ಮುಗಿಸಿ ಈ ಶೆಡ್‌ಗಳಿಗೆ ಬರುವ ಹುಡುಗರಿಗೆ ಬುದ್ಧಿಗೇನೂ ಕೊರತೆಯಿಲ್ಲ. ಬೇಕಿರುವುದು ಫ್ರೀಕ್ವೆನ್ಸಿ ತೋರಿಸುವ ಒಂದು ಒಳ್ಳೆಯ ಮಲ್ಟಿಮೀಟರ್, ಕೈಗೆ ಸಿಗುವ ಮ್ಯಾನ್ಯುಯಲ್, ಮತ್ತು ‘ಬೇಗ ಬದಲಿಸಿ ಕಳಿಸು’ ಎಂದು ಅವಸರಪಡಿಸದ ಮೇಲ್ವಿಚಾರಕ. ಸೆನ್ಸರ್ ಬದಲಿಸುವ ಪ್ರತಿ ಜಾಬ್ ಕಾರ್ಡಿನಲ್ಲೂ ಕೋಡ್, ಅದು ಬಂದ ಸಂದರ್ಭ, ಬಿಸಿಯಲ್ಲಿ ಅಳೆದ ಓಮ್ (ಹಾಲ್ ಸೆನ್ಸರ್ ಆದರೆ ವೋಲ್ಟೇಜ್), ತುದಿಯಲ್ಲಿ ಸಿಕ್ಕ ಲೋಹ ಎಂಥದ್ದು ಎಂಬ ನಾಲ್ಕು ವಿವರ ಕಡ್ಡಾಯವಾಗಲಿ. ಅವಿಲ್ಲದ ಕಾರ್ಡಿಗೆ ಸ್ಟೋರ್‌ನಿಂದ ಹೊಸ ಸೆನ್ಸರ್ ಕೊಡಬಾರದು.