ಕೊಯ್ಲು-ಒಕ್ಕಣೆ ಯಂತ್ರಗಳ ದುರಸ್ತಿಯಲ್ಲಿ ಅಪಾಯ ಮತ್ತು ಅದರ ನಿವಾರಣೆ

ಕ್ಯಾತ್ಸಂದ್ರದಿಂದ ಗುಬ್ಬಿಯ ಕಡೆಗಾಗಲಿ ಕುಣಿಗಲಿನ ಕಡೆಗಾಗಲಿ ನವೆಂಬರ್ ಕಳೆದ ಮೇಲೆ ಹೊರಟವರಿಗೆ, ರಾಗಿಯ ಹೊಲಗಳ ನಡುವೆ ಮನೆಯಷ್ಟು ಎತ್ತರದ ಯಂತ್ರವೊಂದು ಧೂಳೆಬ್ಬಿಸುತ್ತ ಸಾಗುವ ನೋಟ ಈಗ ಹೊಸದೇನಲ್ಲ. ಹಿಂದೆ ಕುಡುಗೋಲಿನಿಂದ ಕೊಯ್ದು, ಮೆದೆ ಒಟ್ಟಿ, ಬಿಡುವಾದಾಗ ಕಣದಲ್ಲಿ ಗುಂಡು ಉರುಳಿಸಿ ಒಕ್ಕುತ್ತಿದ್ದ ಕೆಲಸವನ್ನು ಅದು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಕೊಯ್ಯುವುದು, ಬಡಿಯುವುದು, ತೂರುವುದು ಎಂಬ ಮೂರು ಕೆಲಸಗಳು ಒಂದೇ ಒಡಲಿನಲ್ಲಿ ಕೂಡಿರುವುದರಿಂದಲೇ ಅದಕ್ಕೆ ಕಂಬೈನ್ ಎಂಬ ಹೆಸರು. ನಮ್ಮ ರೈತರ ಬಾಯಲ್ಲಿ ಅದು ಬರಿಯ ಕಟಾವು ಮಿಷನ್ನು.

ಈ ಯಂತ್ರದ ಗುಣಗಳನ್ನು ಕುರಿತು ಇಲ್ಲಿ ಚರ್ಚಿಸುವುದಿಲ್ಲ. ಅದು ಕೆಟ್ಟು ನಿಂತಾಗ ಅದರೊಳಕ್ಕೆ ಕೈಯಿಡುವವನ ಕ್ಷೇಮವಷ್ಟೇ ಈ ಲೇಖನದ ವಿಷಯ. ಎಂಜಿನು ನಿಂತರೆ ಯಂತ್ರ ನಿಂತಿತು ಎಂಬ ನಂಬಿಕೆ ಸಾಮಾನ್ಯವಾದುದು; ಅನೇಕ ಅಪಘಾತಗಳ ಮೂಲವೂ ಇದೇ ಎಂದು ನಮ್ಮ ಅಭಿಪ್ರಾಯ.

ಈ ನಂಬಿಕೆ ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ಹೈರಮ್ ಮೂರ್ ಮತ್ತು ಜಾನ್ ಹ್ಯಾಸ್ಕಲ್ ಎಂಬುವರು ೧೮೩೬ರಲ್ಲಿ ಪೇಟೆಂಟು ಪಡೆದ ಕೊಯ್ಲು-ಒಕ್ಕಣೆ ಯಂತ್ರವನ್ನು ಕುದುರೆಗಳು ಎಳೆಯುತ್ತಿದ್ದವು. ನೆಲದ ಮೇಲೆ ಉರುಳುವ ಚಕ್ರದಿಂದಲೇ ಒಳಭಾಗಗಳಿಗೆ ಚಲನೆ ದೊರೆಯುತ್ತಿತ್ತು. ಕುದುರೆ ನಿಂತರೆ ಶಕ್ತಿಯ ಮೂಲವೇ ನಿಂತಂತೆ. ಇಂದಿನ ಯಂತ್ರದಲ್ಲಾದರೋ ಎಂಜಿನಿನ ಶಕ್ತಿ ಹಲವು ಕಡೆಗೆ ಹಂಚಿಹೋಗಿ, ಎಂಜಿನು ನಿಂತ ಮೇಲೂ ಅಲ್ಲಲ್ಲಿ ಉಳಿದಿರುತ್ತದೆ.

ತೆನೆಯನ್ನು ಬಡಿಯುವ ಡ್ರಮ್ಮನ್ನು ಮೊದಲು ನೋಡೋಣ. ಲೆಕ್ಕದ ಸೌಕರ್ಯಕ್ಕಾಗಿ ಅದರ ತೂಕ ೧೫೦ ಕಿಲೋಗ್ರಾಂ, ವ್ಯಾಸ ೬೦ ಸೆಂಟಿಮೀಟರು, ವೇಗ ನಿಮಿಷಕ್ಕೆ ೯೦೦ ಸುತ್ತು ಎಂದು ಇಟ್ಟುಕೊಳ್ಳೋಣ. ಆಗ ಅದರ ಅಂಚು ಸೆಕೆಂಡಿಗೆ ಸುಮಾರು ೨೮ ಮೀಟರು, ಎಂದರೆ ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ ಚಲಿಸುತ್ತಿರುತ್ತದೆ. ತೂಕವು ಸರಾಸರಿ ೨೫ ಸೆಂಟಿಮೀಟರು ತ್ರಿಜ್ಯದಲ್ಲಿ ಹರಡಿದೆಯೆಂದು ಭಾವಿಸಿದರೆ, ಆ ತಿರುಗಾಟದಲ್ಲಿ ಅಡಗಿರುವ ಶಕ್ತಿ ಹೆಚ್ಚುಕಡಿಮೆ ೪೨,೦೦೦ ಜೂಲ್. ಒಂದು ಟನ್ ಭಾರವನ್ನು ನಾಲ್ಕು ಮೀಟರಿಗೂ ಮೇಲಕ್ಕೆ ಎತ್ತಲು ಇಷ್ಟು ಸಾಕು. ಎಂಜಿನನ್ನು ನಿಲ್ಲಿಸಿದ ಕ್ಷಣದಲ್ಲಿ ಈ ಶಕ್ತಿ ಮಾಯವಾಗುವುದಿಲ್ಲ. ಬೇರಿಂಗುಗಳ ಘರ್ಷಣೆ ಮತ್ತು ಗಾಳಿಯ ತಡೆಯಿಂದ ನಿಧಾನವಾಗಿ ಕರಗುತ್ತದೆ. ಸದ್ದು ಅಡಗಿದ ಬಳಿಕವೂ ಡ್ರಮ್ಮು ತಿರುಗುತ್ತಿರಬಹುದು. ಕಿವಿಯನ್ನು ನಂಬದೆ ಪುಲ್ಲಿಯನ್ನು ಕಣ್ಣಾರೆ ಕಂಡು ತೀರ್ಮಾನಿಸತಕ್ಕದ್ದು.

ಡ್ರಮ್ಮು ಸಿಕ್ಕಿಬಿದ್ದು ನಿಂತಿದ್ದರೆ ಅಪಾಯ ಇನ್ನೊಂದು ಬಗೆಯದು. ಬೆಳಗಿನ ಇಬ್ಬನಿ ಆರುವ ಮೊದಲೇ ಕಟಾವಿಗಿಳಿದರೆ ಹಸಿ ದಂಟು ಡ್ರಮ್ಮಿಗೆ ಸುತ್ತಿಕೊಂಡು ಬಿಗಿಯುತ್ತದೆ. ಆಗ ಬೆಲ್ಟು ಎಳೆದ ಬಿಲ್ಲಿನ ಹೆದೆಯಂತೆ ಬಿಗಿದಿರುತ್ತದೆ. ಹುಲ್ಲನ್ನು ಕಿತ್ತ ಕೂಡಲೇ ಡ್ರಮ್ಮು ಕಾಲು ಸುತ್ತು ಹಾರಬಹುದು. ಬೆರಳು ಹೋಗಲು ಅಷ್ಟು ಸಾಕು. ಆದುದರಿಂದ ಮೊದಲು ಬೆಲ್ಟಿನ ಬಿಗಿಯನ್ನು ಸಡಿಲಿಸಿ, ಆಮೇಲೆ ಹುಲ್ಲನ್ನು ಕೊಕ್ಕೆಯಿಂದ ಬಿಡಿಸಬೇಕು. ಡ್ರಮ್ಮನ್ನು ಕೈಯಿಂದ ತಿರುಗಿಸುವುದು ಅನಿವಾರ್ಯವಾದರೆ, ತಿರುಗಿಸುವವನೂ ಬಿಡಿಸುವವನೂ ಒಬ್ಬನೇ ಆಗಿರುವುದು ಲೇಸು. ಇಬ್ಬರು ಎರಡು ಬದಿಯಲ್ಲಿ ನಿಂತು ಒಬ್ಬರಿಗೊಬ್ಬರು ಕಾಣದೆ ಮಾಡುವ ಕೆಲಸ ಇದಲ್ಲ.

ಮುಂಭಾಗದ ಹೆಡರು ಎಂಬ ಕತ್ತರಿಸುವ ಚೌಕಟ್ಟನ್ನು ಎತ್ತಿ ಹಿಡಿದಿರುವುದು ಕಬ್ಬಿಣವಲ್ಲ, ಕೊಳವೆಯೊಳಗಿನ ಎಣ್ಣೆ. ಕೊಳವೆ ಒಡೆದರೆ, ಇಲ್ಲವೆ ಯಾರಾದರೂ ಸನ್ನೆಯನ್ನು ಮುಟ್ಟಿದರೆ, ಅದು ಇಳಿಯುತ್ತದೆ. ತಡೆಯಿಲ್ಲದೆ ೬೦ ಸೆಂಟಿಮೀಟರು ಬೀಳಲು ವಸ್ತುವಿಗೆ ಬೇಕಾಗುವ ಕಾಲ ಒಂದು ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಎಣ್ಣೆ ಈ ವೇಗವನ್ನು ಒಂದಿಷ್ಟು ತಗ್ಗಿಸಬಹುದಾದರೂ, ಅಲಗನ್ನು ಬದಲಿಸಲು ಅಡಿಯಲ್ಲಿ ಮಲಗಿದವನು ಹೊರಳಿ ಹೊರಬರಲು ಆ ಅವಧಿ ಸಾಲದು. ಯಂತ್ರದಲ್ಲೇ ಇರುವ ಸುರಕ್ಷಾ ತಡೆಯನ್ನು ಹಾಕಿ, ಗಟ್ಟಿ ಮರದ ದಿಮ್ಮಿಗಳನ್ನೂ ಕೊಟ್ಟ ಹೊರತು ಅಡಿಗೆ ಹೋಗಕೂಡದು. ಜಾಕಿನ ಮೇಲೆ ಮಾತ್ರ ಭರವಸೆಯಿಡುವುದೂ ತಪ್ಪು. ಉತ್ತ ಹೊಲದಲ್ಲಿ, ಅದರಲ್ಲಿಯೂ ಮಾರ್ಕೋನಹಳ್ಳಿ ಜಲಾಶಯದ ಕೆಳಗಣ ಗದ್ದೆಗಳ ಕೆಸರಿನಲ್ಲಿ, ಅದರ ಬುಡವೇ ಕುಸಿಯುತ್ತದೆ.

ಇದೇ ಎಣ್ಣೆ ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿದರೆ ಚರ್ಮವನ್ನು ತೂರಿ ಮಾಂಸದೊಳಕ್ಕೆ ಇಳಿಯುತ್ತದೆ. ಸೋರಿಕೆಯನ್ನು ಬೆರಳಿನಿಂದ ಸವರಿ ಹುಡುಕುವ ಅಭ್ಯಾಸವನ್ನು ಬಿಟ್ಟು ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಇಂಥ ಗಾಯ ಮುಳ್ಳು ಚುಚ್ಚಿದಂತೆ ಮಾತ್ರ ಕಾಣುವುದರಿಂದ ಗಾಯಾಳು ಅದನ್ನು ಉದಾಸೀನ ಮಾಡುವುದುಂಟು. ತಡಮಾಡಿದರೆ ಕೈಯನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಕೂಡಲೇ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಹೊಕ್ಕಿದೆಯೆಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳತಕ್ಕದ್ದು.

ಬೆಂಕಿಯ ವಿಚಾರ ಎಲ್ಲರಿಗೂ ತಿಳಿದದ್ದೇ: ಹೊಗೆಕೊಳವೆಯ ಸುತ್ತಲಿನ ಹೊಟ್ಟನ್ನು ದಿನವೂ ತೆಗೆಯಬೇಕು, ಬೆಸುಗೆಯ ಕೆಲಸವಿದ್ದರೆ ಬ್ಯಾಟರಿಯ ತಂತಿಯನ್ನು ಬಿಚ್ಚಿ, ಯಂತ್ರವನ್ನು ಹುಲ್ಲಿನಿಂದ ದೂರ ಒಯ್ದು, ನೀರನ್ನು ಹತ್ತಿರದಲ್ಲಿಟ್ಟುಕೊಳ್ಳಬೇಕು. ವಿದ್ಯುತ್ ತಂತಿಯ ಕೆಳಗೆ ಯಂತ್ರವನ್ನು ನಿಲ್ಲಿಸಿ ಅದರ ನೆತ್ತಿಯನ್ನು ಹತ್ತುವುದು ಸರ್ವಥಾ ಕೂಡದು.

ಇಷ್ಟೆಲ್ಲ ತಿಳಿದಿದ್ದರೂ ಆತುರ ಬಿಡುವುದಿಲ್ಲ. ಬಾಡಿಗೆ ಗಂಟೆಯ ಲೆಕ್ಕ. ಮುಂದಿನ ಹೊಲದವರು ಕಾಯುತ್ತಿದ್ದಾರೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಬಲಿತ ರಾಗಿ ನೆನೆಯುತ್ತದೆ. ರೈತನ ಚಿಂತೆಯೂ ಚಾಲಕನ ಚಿಂತೆಯೂ ನ್ಯಾಯವಾದವೇ. ಆದರೆ ಆ ಆತುರದ ಬೆಲೆಯನ್ನು ತೆರುವವನು ಬಹುಧಾ ಇಬ್ಬರೂ ಅಲ್ಲದ ಸಹಾಯಕ ಹುಡುಗ. ೧೯೪೮ರ ಕಾರ್ಖಾನೆಗಳ ಕಾಯಿದೆಯ ೨೨ನೆಯ ಪ್ರಕರಣವು, ಚಲಿಸುತ್ತಿರುವ ಯಂತ್ರದ ಬಳಿ ಪರೀಕ್ಷೆ ನಡೆಸುವವನು ತರಬೇತಿ ಪಡೆದ ವಯಸ್ಕನಾಗಿರಬೇಕು, ಮೈಗಂಟಿದ ಉಡುಪು ಧರಿಸಿರಬೇಕು ಎಂದು ವಿಧಿಸಿತು. ೧೯೮೩ರ ಅಪಾಯಕಾರಿ ಯಂತ್ರಗಳ ಕಾಯಿದೆಯು ಒಕ್ಕಣೆ ಯಂತ್ರವನ್ನು ಹೆಸರಿಸಿಯೇ ಕಟ್ಟಳೆಗೆ ಒಳಪಡಿಸಿತು. ಕಾರ್ಖಾನೆಯಲ್ಲಾದರೆ ಮೇಲ್ವಿಚಾರಕನಿರುತ್ತಾನೆ, ಹೊಲದಲ್ಲಿ ಆ ಸ್ಥಾನದಲ್ಲಿರುವವನು ಚಾಲಕನೊಬ್ಬನೇ.

ಹೊಲದಲ್ಲಿ ಸಾಧ್ಯವಾದ ಉಪಾಯವೊಂದುಂಟು, ಅದಕ್ಕೆ ಖರ್ಚೂ ಇಲ್ಲ: ಯಂತ್ರದೊಳಕ್ಕೆ ಕೈಯಿಡುವವನು ಎಂಜಿನಿನ ಬೀಗದ ಕೈಯನ್ನು ತೆಗೆದು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುವುದು. ಯಜಮಾನ ಕೇಳಿದರೂ ಕೆಲಸ ಮುಗಿಯುವ ತನಕ ಅದು ಕೈಬದಲಾಗಕೂಡದು. ದುರಸ್ತಿ ಮುಗಿದ ಮೇಲೆ ಬಿಚ್ಚಿದ ಮರೆಗಳನ್ನೆಲ್ಲ ಮರಳಿ ಜೋಡಿಸಿ, ಸ್ಪ್ಯಾನರುಗಳನ್ನು ಎಣಿಸಿ, ಡ್ರಮ್ಮನ್ನು ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಬೇಕು. ಬಳಿಕ ಸುತ್ತಲಿರುವವರನ್ನು ಕೂಗಿ ಕರೆದು, ಎಲ್ಲರೂ ಕಣ್ಣಿಗೆ ಬಿದ್ದ ಮೇಲೆ ಎಂಜಿನನ್ನು ಚಾಲೂ ಮಾಡಬಹುದು.