ಗೋಡೆಗೂ ಉಸಿರುಂಟು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಮದುವೆಯಲ್ಲಿ ವಧೂವರರ ಗುಣಸ್ವಭಾವಗಳನ್ನು ವಿಚಾರಿಸದೆ ನಾವು ಮುಂದಡಿಯಿಡುವುದಿಲ್ಲ. ಮನೆ ಕಟ್ಟುವಾಗಲಾದರೋ ಮೇಸ್ತ್ರಿಯನ್ನು ಕೇಳುವ ಪ್ರಶ್ನೆ ಒಂದೇ: “ಯಾವುದು ಗಟ್ಟಿ?” ಆದರೆ ಗಟ್ಟಿತನವೆಂಬುದು ಒಂದೇ ಗುಣವಲ್ಲ. ಯಾವ ಬಗೆಯ ಬಲಕ್ಕೆ ಗಟ್ಟಿ, ನೀರು ಬಿಸಿಲುಗಳಿಗೆ ಹೇಗೆ, ಪಕ್ಕದ ವಸ್ತುವಿನೊಡನೆ ಬಾಳುವೆ ಹೇಗೆ ಎಂಬುದನ್ನೂ ಕೇಳಬೇಕು.

ಗ್ರಾನೈಟ್ ಕಲ್ಲನ್ನೇ ನೋಡೋಣ. 1956ರಲ್ಲಿ ಮುಗಿದ ಬೆಂಗಳೂರಿನ ವಿಧಾನಸೌಧಕ್ಕೆ ಬಳಸಿದ್ದು ಇದನ್ನೇ. ಒಳ್ಳೆಯ ಗ್ರಾನೈಟು ಒಂದು ಚದರ ಸೆಂಟಿಮೀಟರಿನ ಮೇಲೆ 1000 ಕಿಲೋಗ್ರಾಮಿಗೂ ಮಿಕ್ಕ ಭಾರವನ್ನು ಹೊರಬಲ್ಲದು. ಅದನ್ನೇ ತೊಲೆಯಾಗಿ ಅಡ್ಡಲಾಗಿ ಇಟ್ಟರೆ ಕಥೆ ಬೇರೆ. ಮೇಲಿನ ಭಾರಕ್ಕೆ ತೊಲೆ ಬಾಗಲು ಹವಣಿಸಿದಾಗ ಅದರ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಎಳೆತಕ್ಕೆ ಸಿಕ್ಕುತ್ತದೆ. ಎಳೆತವನ್ನು ತಾಳುವ ಶಕ್ತಿ ಕಲ್ಲಿಗೆ ಬಹು ಕಡಿಮೆ. ನಮ್ಮ ದೇವಾಲಯಗಳ ಮಂಟಪಗಳಲ್ಲಿ ಕಂಬಗಳು ಒತ್ತೊತ್ತಾಗಿ ನಿಂತಿರುವುದರಲ್ಲಿ ಅಂದದೊಡನೆ ಈ ಅನಿವಾರ್ಯತೆಯೂ ಉಂಟು.

ಕಾಂಕ್ರೀಟಿನ ದೌರ್ಬಲ್ಯವೂ ಇದೇ. ಅದು ತಾಳುವ ಒತ್ತಡದ ಸುಮಾರು ಹತ್ತರಲ್ಲೊಂದು ಪಾಲಿನ ಎಳೆತಕ್ಕೇ ಅದು ಬಿರಿಯುತ್ತದೆ. ಈ ಕೊರತೆಯನ್ನು ತುಂಬಲು ಉಕ್ಕಿನ ಕಂಬಿ ಬಂದಿತು. ಇವೆರಡರದು ನಿಜಕ್ಕೂ ಕೂಡಿಬಂದ ಜಾತಕ! ಬಿಸಿಲಿಗೆ ಇವು ಹಿಗ್ಗುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹತ್ತು ಮೀಟರ್ ಉದ್ದಕ್ಕೆ ಮೂವತ್ತು ಡಿಗ್ರಿ ಶಾಖ ಏರಿದರೆ ಎರಡೂ ಮೂರು-ಮೂರೂವರೆ ಮಿಲಿಮೀಟರಿನಷ್ಟು ಬೆಳೆಯುತ್ತವೆ. ಹಾಗಿಲ್ಲದಿದ್ದರೆ ನಮ್ಮ ತಾರಸಿಗಳು ಕೆಲವೇ ಬೇಸಗೆಗಳಲ್ಲಿ ಸೀಳಿಹೋಗುತ್ತಿದ್ದವು. ಆದರೆ ಕಂಬಿ ಇರಬೇಕಾದ ಕಡೆಯೇ ಇರಬೇಕು. ಎರಡು ಗೋಡೆಗಳ ನಡುವಣ ಚಾವಣಿಯಲ್ಲಿ ಎಳೆತ ಕೆಳಗೆ. ಗೋಡೆಯಿಂದ ಹೊರಚಾಚಿದ ಸಜ್ಜ, ಬಾಲ್ಕನಿಗಳಲ್ಲಿ ಎಳೆತ ಮೇಲೆ. ಕಾಂಕ್ರೀಟು ಸುರಿಯುವ ಗಡಿಬಿಡಿಯಲ್ಲಿ ಆಳುಗಳು ಬಾಲ್ಕನಿಯ ಮೇಲ್ಕಂಬಿಗಳನ್ನು ತುಳಿದು ಕೆಳಕ್ಕೆ ಒತ್ತಿದರೆ, ಮಕ್ಕಳು ನಿಂತು ಆಡುವ ಆ ಜಾಗ ಕುಸಿಯುವ ಸಂಭವವುಂಟು. ಮನೆಯ ಯಜಮಾನರು ಅಂದು ಎದುರಿಗಿದ್ದು ನೋಡಬೇಕಾದ ಸಂಗತಿ ಇದು.

ಇನ್ನು ಸುಣ್ಣದ ಮಾತು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಇಂಗಾಲಾಮ್ಲವು ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರೆರೆದರೆ ಅದು ಕುದಿದು ಅರಳುತ್ತದೆ. ಗಾರೆಯಾಗಿ ಗೋಡೆಯನ್ನು ಸೇರಿದ ಮೇಲೆ ಕಳೆದುಕೊಂಡ ಅನಿಲವನ್ನೇ ಗಾಳಿಯಿಂದ ಮೆಲ್ಲಮೆಲ್ಲನೆ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಇಟ್ಟಿಗೆಯ ಪುಡಿಯನ್ನು, ಅಂದರೆ ಸುರ್ಕಿಯನ್ನು, ಬೆರೆಸಿದರೆ ನೀರಿನಲ್ಲಿಯೂ ಗಟ್ಟಿಯಾಗುವ ಗುಣ ಬರುತ್ತದೆ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೆಗೆ ಬಳಸಿದ್ದು ಇಂಥ ಸುರ್ಕಿ ಗಾರೆಯನ್ನೇ.

ಸುಣ್ಣದ ಗಾರೆ ಸಿಮೆಂಟಿನಷ್ಟು ಗಟ್ಟಿಯಲ್ಲ, ನಿಜ. ಆದರೆ ಅದರ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಯ ತೇವವು ಆವಿಯಾಗಿ ಹೊರಬೀಳುತ್ತದೆ. ಗೋಡೆ ಉಸಿರಾಡುತ್ತದೆಯೆಂಬ ಮಾತಿನ ಅರ್ಥ ಇದೇ. ಗೋಡೆ ಸ್ವಲ್ಪ ಅಲುಗಿದರೂ ಈ ಮೆದು ಗಾರೆ ಅದನ್ನು ಸಹಿಸಿಕೊಂಡು ಇಟ್ಟಿಗೆಯನ್ನು ಕಾಯುತ್ತದೆ.

ಅಜ್ಜನ ಕಾಲದ ಮನೆಗಳಿಗೆ ಕುತ್ತು ಬರುವುದು ಇಲ್ಲಿಯೇ. ಗಿಲಾವು ಉದುರಿತೆಂದು ಸಿಮೆಂಟು ಬಳಿಸುತ್ತೇವೆ. ನೆಲದಿಂದ ಏರಿದ ತೇವಕ್ಕೆ ಹೊರದಾರಿ ಮುಚ್ಚಿಹೋಗಿ ಅದು ಇನ್ನೂ ಮೇಲೇರುತ್ತದೆ. ಅದರೊಡನೆ ಬಂದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದನ್ನು ಒಳಗಿನಿಂದಲೇ ಒಡೆಯುತ್ತದೆ. ಕೆಲವು ವರ್ಷಗಳಲ್ಲಿ ಹೊಸ ಗಿಲಾವು, ಹಳೆಯ ಇಟ್ಟಿಗೆಯ ಚಕ್ಕೆಗಳೊಡನೆ ಕಳಚುತ್ತದೆ. ‘ಸಿಮೆಂಟು ಸಾಲದಾಯಿತು’ ಎಂದು ಇನ್ನಷ್ಟು ದಪ್ಪ ಬಳಿಸುವುದು, ನಿವೃತ್ತಿಯ ಉಳಿತಾಯವನ್ನು ಗೋಡೆಗೆ ಸುರಿದು ಗೋಡೆಯನ್ನೂ ಕಳೆದುಕೊಳ್ಳುವ ಹಾದಿ.

ಇದರಿಂದ ಸಿಮೆಂಟು ಕೆಟ್ಟದೆಂದಲ್ಲ. ಹೊಸ ಮನೆಯ ತಳಪಾಯ, ಚಾವಣಿ, ನೀರಿನ ತೊಟ್ಟಿಗಳಿಗೆ ಅದೇ ತಕ್ಕದ್ದು. ಗಾರೆಯು ತಾನು ಬೆಸೆಯುವ ಇಟ್ಟಿಗೆಗಿಂತ ತುಸು ಮೆದುವಾಗಿರಬೇಕೆಂಬುದಷ್ಟೇ ನೆನಪಿರಲಿ. ಇಟ್ಟಿಗೆಯ ಪರೀಕ್ಷೆ ಮನೆಯಲ್ಲೇ ಸಾಧ್ಯ. ಎರಡು ಇಟ್ಟಿಗೆಗಳನ್ನು ತಟ್ಟಿದರೆ ಕಣಕಣ ನಾದ ಬರಬೇಕು. ಒಣಗಿದ ಇಟ್ಟಿಗೆಯನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಿದರೆ, ಸಾಧಾರಣ ಇಟ್ಟಿಗೆಯ ತೂಕ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚಬಾರದು.

ಹಳೆಯ ಮನೆಯ ರಿಪೇರಿಗೆ ಹೊರಟವರು ಮೊದಲು ಒಂದು ಮೂಲೆಯಲ್ಲಿ ಗಿಲಾವನ್ನು ಕೆತ್ತಿಸಿ ಒಳಗಿನ ಗಾರೆಯನ್ನು ನೋಡಲಿ. ಅದು ಬೆಳ್ಳಗಿದ್ದು ಉಗುರಿಗೆ ಪುಡಿಯಾದರೆ ಬಹುಮಟ್ಟಿಗೆ ಸುಣ್ಣದ ಗಾರೆಯೇ. ಆಗ ನೀರು ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ಅದನ್ನು ತಡೆದು, ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯನ್ನು ಕರೆಸುವುದು ಲೇಸು. ಕೆಲಸ ನಿಧಾನವಾದೀತು, ಅಂಥ ಮೇಸ್ತ್ರಿ ಸಿಕ್ಕುವುದೂ ಸುಲಭವಲ್ಲ. ಆದರೂ ಮೂರು ತಲೆಮಾರು ಬಾಳಿದ ಗೋಡೆಗೆ ಅಷ್ಟು ತಾಳ್ಮೆ ಸಲ್ಲಬೇಕಾದದ್ದೇ.