ಮೂಗಿನ ಹಾದಿಯಲ್ಲಿ ಮಿದುಳಿಗೆ

2021ರ ಮೇ ತಿಂಗಳು. ಕೋವಿಡ್‌ನ ಎರಡನೆಯ ಅಲೆ ನಮ್ಮ ಮನೆಗೂ ಬಂದು ಹೋಗಿತ್ತು. ಜ್ವರ ಬಿಟ್ಟು ವಾರ ಕಳೆದಿದ್ದ ಒಂದು ಬೆಳಿಗ್ಗೆ ಅಡುಗೆಮನೆಯ ಪಕ್ಕದಲ್ಲೇ ಕುಳಿತು ಪತ್ರಿಕೆ ಓದುತ್ತಿದ್ದೆ. ದೇವರ ಕೋಣೆಯಿಂದ ಓಡಿ ಬಂದ ಹೆಂಡತಿ, ‘ಹಾಲು ತಳ ಹಿಡಿದು ಸೀದು ಹೋಗ್ತಿದೆ. ಇಲ್ಲೇ ಕೂತಿದ್ದೀರಲ್ಲ, ನಿಮಗೆ ವಾಸನೆ ಬರಲಿಲ್ವೇ?’ ಎಂದಳು. ಬಂದಿರಲಿಲ್ಲ.

ಕಾಫಿ ಬಿಸಿನೀರಾಯಿತು, ಮಲ್ಲಿಗೆ ಬರೀ ಬಿಳಿ ಹೂವಾಯಿತು. ಇವನ್ನು ಸಹಿಸಬಹುದಿತ್ತು. ನಾನು ನಿರೀಕ್ಷಿಸದಿದ್ದುದು ಇನ್ನೊಂದು. ನಿವೃತ್ತಿಯ ನಂತರ ಸೇವಾವಧಿಯ ನೆನಪುಗಳನ್ನು ದಿನಕ್ಕೆ ಒಂದೆರಡು ಪುಟ ಬರೆಯುವ ರೂಢಿ ಇಟ್ಟುಕೊಂಡಿದ್ದೆ. ಆ ಬರವಣಿಗೆ ನಿಂತುಹೋಯಿತು. ಇಸವಿ, ಹುದ್ದೆ, ವರ್ಗಾವಣೆಯ ಆದೇಶ ಎಲ್ಲವೂ ನೆನಪಿದ್ದವು. ಆದರೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿದ್ದ ಹಳೆಯ ಕಡತಗಳ ಮುಗ್ಗಲು ವಾಸನೆ, ಕರಗಿದ ಅರಗಿನ ಘಾಟು ಮನಸ್ಸಿಗೆ ಬಾರದೆ, ಬರೆದದ್ದೆಲ್ಲ ಸೇವಾ ಪುಸ್ತಕದ ನಮೂದಿನಂತೆ ಕಾಣುತ್ತಿತ್ತು. ಕಾಯಿಲೆಯ ಆಯಾಸವೂ ಕಾರಣವಿದ್ದೀತು. ಆದರೂ ಮೂಗಿಗೂ ಆಲೋಚನೆಗೂ ಏನು ಸಂಬಂಧ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಸಂಬಂಧ ನಮ್ಮ ಶರೀರ ರಚನೆಯಲ್ಲಿಯೇ ಇದೆ. ಕಣ್ಣು, ಕಿವಿ, ಚರ್ಮಗಳಿಂದ ಹೊರಟ ಸಂದೇಶಗಳು ಥಲಾಮಸ್ ಎಂಬ ಕೇಂದ್ರವನ್ನು ಹಾದು ಮಿದುಳಿನ ತೊಗಟೆಯನ್ನು ಮುಟ್ಟುತ್ತವೆ. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅದು ಟಪಾಲು ಶಾಖೆ. ವಾಸನೆ ಮಾತ್ರ ಟಪಾಲು ಶಾಖೆಗೆ ಹೋಗದೆ ನೇರವಾಗಿ ಸಾಹೇಬರ ಕೊಠಡಿಗೇ ನುಗ್ಗುತ್ತದೆ. ಮೂಗಿನ ಮೇಲ್ಭಾಗದ ನರಕೋಶಗಳಿಂದ ಹೊರಟು, ಭಾವನೆಗಳ ನೆಲೆಯಾದ ಅಮಿಗ್ಡಲವನ್ನೂ ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್‌ನ ಹೊಸ್ತಿಲನ್ನೂ ತಲುಪುವ ಅದರ ದಾರಿ ಬಲು ಚಿಕ್ಕದು. ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ವಾಸನಾ ಗ್ರಾಹಕಗಳಿವೆ. ಇಂಥ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಗುರುತಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರ ನೊಬೆಲ್ ಪ್ರಶಸ್ತಿ ಸಂದಿತು.

ವಿಜ್ಞಾನಕ್ಕೂ ಮೊದಲೇ ಬರಹಗಾರರು ಇದನ್ನು ಬಲ್ಲವರಾಗಿದ್ದರು. ಜರ್ಮನಿಯ ಕವಿ ಷಿಲರ್ ತನ್ನ ಮೇಜಿನ ಖಾನೆಯಲ್ಲಿ ಕೊಳೆತ ಸೇಬುಗಳನ್ನು ಇಟ್ಟುಕೊಳ್ಳುತ್ತಿದ್ದನಂತೆ. ಒಮ್ಮೆ ಅವನ ಮನೆಗೆ ಹೋಗಿದ್ದ ಗಯಟೆ ಆ ಮೇಜಿನ ಮುಂದೆ ಕುಳಿತು ತಲೆ ಸುತ್ತಿ ಕಿಟಕಿಯ ಬಳಿಗೆ ಧಾವಿಸಬೇಕಾಯಿತು. ಆ ನಾತವಿಲ್ಲದೆ ತನ್ನ ಗಂಡನಿಗೆ ಕೆಲಸ ಸಾಗದು ಎಂದು ಷಿಲರ್‌ನ ಹೆಂಡತಿ ವಿವರಿಸಿದಳೆಂದು ಗಯಟೆಯೇ ಹೇಳಿಕೊಂಡಿದ್ದಾನೆ. ಒಬ್ಬನಿಗೆ ಸ್ಫೂರ್ತಿ, ಇನ್ನೊಬ್ಬನಿಗೆ ವಾಕರಿಕೆ! ಶಕ್ತಿ ಸೇಬಿನದಲ್ಲ, ಆ ವಾಸನೆಯೊಂದಿಗೆ ಮನಸ್ಸು ಬೆಸೆದುಕೊಂಡ ರೂಢಿಯದು.

ಪ್ರಯೋಗಗಳೂ ಈ ಮಾತಿಗೆ ಹತ್ತಿರ ಬರುತ್ತವೆ. ಕಲಿಯುವಾಗ ಗುಲಾಬಿಯ ಪರಿಮಳವನ್ನು ಮೂಸಿದ್ದವರಿಗೆ ಗಾಢನಿದ್ರೆಯಲ್ಲಿ ಅದೇ ಪರಿಮಳವನ್ನು ಮತ್ತೆ ಒದಗಿಸಿದಾಗ ಕಲಿತದ್ದು ಹೆಚ್ಚು ನೆನಪುಳಿಯಿತೆಂದು ಜರ್ಮನಿಯ ಸಂಶೋಧಕರು 2007ರಲ್ಲಿ ತೋರಿಸಿದರು. ಆಗ ಹಿಪೊಕ್ಯಾಂಪಸ್ ಚುರುಕಾದದ್ದೂ ಕಂಡುಬಂತು. 2012ರಲ್ಲಿ ನೆದರ್‌ಲೆಂಡ್ಸ್‌ನ ಸಿಮೋನ್ ರಿಟ್ಟರ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಮಲಗುವ ಮುನ್ನ ಒಂದು ಸಮಸ್ಯೆಯನ್ನು ಕೊಟ್ಟು, ಆಗ ಕೋಣೆಯಲ್ಲಿದ್ದ ಪರಿಮಳವನ್ನೇ ರಾತ್ರಿಯೂ ಹರಡಿದಾಗ, ಬೆಳಿಗ್ಗೆ ಹೆಚ್ಚು ಸೃಜನಶೀಲ ಪರಿಹಾರಗಳು ಹೊಳೆದವು. ಇದು ಕೆಲವೇ ಜನರ ಮೇಲೆ ನಡೆದ ಪ್ರಯೋಗವೆಂಬುದನ್ನು ಮರೆಯಬಾರದು. 2003ರಲ್ಲಿ ಇಂಗ್ಲೆಂಡಿನಲ್ಲಿ 144 ಜನರ ಮೇಲೆ ನಡೆದ ಅಧ್ಯಯನದಲ್ಲಿ ರೋಸ್‌ಮೆರಿ ನೆನಪಿನ ಗುಣಮಟ್ಟವನ್ನು ಹೆಚ್ಚಿಸಿತಾದರೂ ನೆನಪಿಸಿಕೊಳ್ಳುವ ವೇಗವನ್ನು ತಗ್ಗಿಸಿತು. ಬುದ್ಧಿ ಚುರುಕಾಗುತ್ತದೆಂದು ಮಾರುವ ಸೀಸೆಗಳನ್ನು ಕೊಳ್ಳುವ ಮುನ್ನ ಈ ಮಾತು ನೆನಪಿರಲಿ.

ನನಗೆ ದಾರಿ ತೋರಿದ್ದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸರಳ ಅಭ್ಯಾಸ: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ಈ ನಾಲ್ಕರ ವಾಸನೆಯನ್ನು ದಿನಕ್ಕೆರಡು ಬಾರಿ, 12 ವಾರ ಗಮನವಿಟ್ಟು ಮೂಸುವುದು. ಮೊದಲು ಮರಳಿದ್ದು ಲವಂಗ. ಅಕ್ಟೋಬರ್‌ನಲ್ಲಿ, ಕೆಲವು ದಿನ ಬಿಸಿಲು ಕಾದ ಮೇಲೆ ಬಿದ್ದ ಮಳೆಗೆ ಅಂಗಳದ ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತುವಿನ ಪಾಲು ಅದರಲ್ಲಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಣ್ಣು ಒದ್ದೆಯಾಯಿತು. ಆ ಸಂಜೆ ದಾಖಲೆ ಕೊಠಡಿಯ ಪ್ರಸಂಗವನ್ನು ಬರೆದು ಮುಗಿಸಿದೆ.

ಬೆಲೆ ಕಟ್ಟಲಾಗದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಅರ್ಥಶಾಸ್ತ್ರದ ಹಳೆಯ ದೌರ್ಬಲ್ಯ, ಆಡಳಿತದ್ದೂ ಹೌದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಯ ಅಂಗವೈಕಲ್ಯಗಳಲ್ಲಿ ವಾಸನೆಯ ನಷ್ಟವಿಲ್ಲ. ಅದನ್ನು ಸೇರಿಸಿ ಎಂಬುದು ನನ್ನ ಬೇಡಿಕೆಯಲ್ಲ. ಆದರೆ ಅಮೆರಿಕದ ಬೀವರ್ ಡ್ಯಾಮ್‌ನಲ್ಲಿ 53 ವರ್ಷ ದಾಟಿದ ಸುಮಾರು 2,500 ಜನರನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಕಾಲುಭಾಗದಷ್ಟು ಜನರ ಘ್ರಾಣಶಕ್ತಿ ಕುಗ್ಗಿತ್ತು. ತಮಗೆ ಹಾಗಾಗಿದೆ ಎಂದು ಹೇಳಿಕೊಂಡವರು ಶೇ 10ಕ್ಕಿಂತ ಕಡಿಮೆ! ಘ್ರಾಣಶಕ್ತಿಯ ಕುಸಿತ ಪಾರ್ಕಿನ್‌ಸನ್, ಆಲ್ಜೈಮರ್ ಕಾಯಿಲೆಗಳ ಮುನ್ಸೂಚನೆಯೂ ಆಗಿರಬಹುದು. ಅಡುಗೆ ಅನಿಲ ಸೋರಿದರೆ ಎಚ್ಚರಿಸಬೇಕಾದದ್ದೂ ಮೂಗೇ.

ಹಿರಿಯ ನಾಗರಿಕರ ಆರೋಗ್ಯ ತಪಾಸಣಾ ಶಿಬಿರಗಳಲ್ಲಿ ಕಣ್ಣು, ಕಿವಿ, ಸಕ್ಕರೆ, ರಕ್ತದೊತ್ತಡದ ಜೊತೆಗೆ ಮೂಗನ್ನೂ ಏಕೆ ಪರೀಕ್ಷಿಸಬಾರದು? ಪ್ರಾಥಮಿಕ ಪರೀಕ್ಷೆಗೆ ಯಂತ್ರ ಬೇಡ. ಚಿಟಿಕೆ ಕಾಫಿಪುಡಿ, ನಾಲ್ಕು ಲವಂಗ ಸಾಕು. ಶಿಬಿರಕ್ಕಾಗಿ ಕಾಯಬೇಕಾಗಿಯೂ ಇಲ್ಲ. ನಾಳೆ ಬೆಳಿಗ್ಗೆ ಕಾಫಿಯ ಲೋಟ ಕೈಗೆ ಬಂದಾಗ, ಕುಡಿಯುವ ಮುನ್ನ ಒಂದು ಕ್ಷಣ ಕಣ್ಣು ಮುಚ್ಚಿ ಮೂಸಿ ನೋಡಿ.